ಮನೆಯಲ್ಲೇ ಕ್ಯಾಕ್ಟಸ್ ಕಸಿ: ಬಿದ್ದ ತಲೆಯನ್ನು ಎಸೆಯುವ ಮೊದಲು ಕೊಯ್ದು ನೋಡಿ

ಕ್ಯಾಕ್ಟಸ್ ಕಸಿ ಕಟ್ಟುವುದು ಹತ್ತು ನಿಮಿಷದ ಕೆಲಸ. ಒಂದು ಬ್ಲೇಡು, ನಾಲ್ಕು ರಬ್ಬರ್ ಬ್ಯಾಂಡು, ಸ್ವಲ್ಪ ಸ್ಪಿರಿಟ್ಟು, ಎರಡು ಗಿಡ ಇದ್ದರೆ ಸಾಕು. ಆದರೆ ಮೊದಲ ಸಲವೇ ಹಿಡಿದುಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ದಾವಣಗೆರೆಯ ನಮ್ಮ ಮನೆ ತಾರಸಿಯಲ್ಲಿ ನಾನು ಕಟ್ಟಿದ ಮೊದಲ ಐದು ಕಸಿಗಳೂ ಹೋದವು. ಆರನೆಯದು ಹಿಡಿಯಿತು. ಅದು ಇವತ್ತಿಗೂ ಚೆನ್ನಾಗಿದೆ, ಬೇಸಿಗೆಯಲ್ಲಿ ಹೂ ಬಿಡುತ್ತದೆ. ಹೋದ ಐದರಲ್ಲಿ ಮೊದಲ ಎರಡನ್ನು ಸುಮ್ನೆ ಕಸಕ್ಕೆ ಹಾಕಿಬಿಟ್ಟೆ. ಮೂರನೆಯದು ಬಿದ್ದಾಗ ಮಾತ್ರ, ಯಾಕೆ ಹೀಗಾಯಿತು ಅಂತ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ, ಕೊಯ್ದ ಮುಖ ಎರಡನ್ನೂ ಬೆಳಕಿಗೆ ಹಿಡಿದೆ, ಕಾರಣ ಅಲ್ಲೇ ಕಣ್ಣಿಗೆ ಬಿತ್ತು. ಆಮೇಲೆ ಯಾವ ಕಸಿ ಬಿದ್ದರೂ ಕೊಯ್ದು ನೋಡದೆ ಎಸೆದಿಲ್ಲ.

ಅದಕ್ಕೇ ಇಲ್ಲಿ ಕಟ್ಟುವ ಕ್ರಮ ಎಷ್ಟು ಮುಖ್ಯವೋ ಬಿದ್ದದ್ದನ್ನು ನೋಡುವ ಕ್ರಮವೂ ಅಷ್ಟೇ ಮುಖ್ಯ ಅಂತ ಎರಡನ್ನೂ ಬರೆಯುತ್ತಿದ್ದೇನೆ. ಕೆಳಗೆ ಬೇರಿರುವ ಗಿಡವನ್ನು ಬುಡ ಅಂತಲೂ, ಮೇಲೆ ಕೂರಿಸುವ ತುಂಡನ್ನು ತಲೆ ಅಂತಲೂ ಕರೆಯುತ್ತೇನೆ.

ಕಸಿ ಯಾಕೆ ಬೇಕು

ನರ್ಸರಿಯಲ್ಲಿ ಹಸಿರು ಕಡ್ಡಿಯ ಮೇಲೆ ಕೆಂಪು ಉಂಡೆ, ಹಳದಿ ಉಂಡೆ ಕೂತಿರುವ ಪುಟ್ಟ ಕುಂಡ ನೋಡಿರುತ್ತೀರಲ್ವಾ? ಅದನ್ನು ಮೂನ್ ಕ್ಯಾಕ್ಟಸ್ ಅಂತ ಮಾರುತ್ತಾರೆ. ಅದು ಒಂದು ಗಿಡ ಅಲ್ಲ, ಎರಡು. ಮೇಲಿನ ಕೆಂಪು ಉಂಡೆ ಜಿಮ್ನೋಕ್ಯಾಲಿಸಿಯಂ ಅನ್ನುವ ಜಾತಿಯದು. ಅದರಲ್ಲಿ ಪತ್ರಹರಿತ್ತು ಇಲ್ಲ, ಆದ್ದರಿಂದ ತನ್ನ ಊಟ ತಾನು ಮಾಡಿಕೊಳ್ಳಲಾರದು. ಜಪಾನಿನಲ್ಲಿ 1940ರ ದಶಕದಲ್ಲಿ ಬೀಜದಿಂದ ಎದ್ದ ಇಂಥ ಬಣ್ಣದ ಸಸಿಗಳನ್ನು ಹಸಿರು ಬುಡದ ಮೇಲೆ ಕಟ್ಟಿ ಉಳಿಸಿಕೊಂಡರು. ಇವತ್ತು ಜಗತ್ತಿನಲ್ಲೆಲ್ಲ ಮಾರಾಟವಾಗುವುದು ಅದೇ ಪೀಳಿಗೆ. ಕೆಳಗಿನ ಹಸಿರು ಕಡ್ಡಿ ಬಹುಪಾಲು ಡ್ರ್ಯಾಗನ್ ಫ್ರೂಟ್ ಬಳ್ಳಿಯ ತುಂಡು. ಆ ಬುಡ ಕೊಳೆತರೆ ಕೆಂಪು ತಲೆ ಎಷ್ಟೇ ಚೆನ್ನಾಗಿದ್ದರೂ ಸಾಯುತ್ತದೆ, ಮಣ್ಣಿಗೆ ಚುಚ್ಚಿದರೆ ಬದುಕುವುದಿಲ್ಲ. ಬೇರೆ ಬುಡಕ್ಕೆ ಕಟ್ಟುವುದೊಂದೇ ದಾರಿ.

ನಾನು ಕಸಿಗೆ ಕೈಹಾಕಿದ್ದೂ ಅದಕ್ಕೇ. ಮಳೆಗಾಲದಲ್ಲಿ ಕೆಂಪು ಕ್ಯಾಕ್ಟಸ್‌ನ ಬುಡ ಮೆತ್ತಗಾಯಿತು. ಕುಂಡದಲ್ಲಿ ನಮ್ಮ ಹೊಲದ ಎರೆ ಮಣ್ಣು ತುಂಬಿದ್ದೆ, ಅದೇ ಮೂಲ ತಪ್ಪು. ಹತ್ತಿಗೆ, ಜೋಳಕ್ಕೆ ಎರೆ ಮಣ್ಣಿನಷ್ಟು ಒಳ್ಳೆಯದಿಲ್ಲ, ಆದರೆ ನೀರು ಹಿಡಿದಿಟ್ಟುಕೊಳ್ಳುವ ಗುಣವೇ ಕ್ಯಾಕ್ಟಸ್‌ಗೆ ಮುಳುವು.

ಇನ್ನೂ ಎರಡು ಕಾರಣಕ್ಕೆ ಕಸಿ ಮಾಡುತ್ತಾರೆ. ತೀರಾ ನಿಧಾನಕ್ಕೆ ಬೆಳೆಯುವ ಜಾತಿಗಳು ಜೋರಾಗಿ ಬೆಳೆಯುವ ಬುಡದ ಮೇಲೆ ಬೇಗ ದೊಡ್ಡದಾಗುತ್ತವೆ, ಬೇಗ ಹೂ ಬಿಡುತ್ತವೆ. ಬೇರು ಕೊಳೆತು ಮೇಲ್ಭಾಗ ಮಾತ್ರ ಉಳಿದಿರುವ ಗಿಡವನ್ನು ಕಾಪಾಡುವುದಕ್ಕೂ ಕಸಿ ನೆರವಾಗುತ್ತದೆ.

ಬುಡ ಯಾವುದು ಇರಬೇಕು

ಮೊದಲ ಸಲ ನಾನು ಮಾಡಿದ್ದು ಹೀಗೆ. ನಮ್ಮ ಕಡೆ ಹೊಲದ ಬೇಲಿಗೆ ಕಳ್ಳಿ ಹಾಕುತ್ತಾರೆ. ಚಿತ್ರದುರ್ಗದಿಂದ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋದರೆ ಬೇಲಿಯಲ್ಲೂ ಗುಡ್ಡದಲ್ಲೂ ಕಳ್ಳಿ ಕಾಣಿಸುತ್ತದೆ. ಇಷ್ಟು ಗಟ್ಟಿ ಗಿಡ ಇದೆಯಲ್ಲ, ಇದಕ್ಕೇ ಕಟ್ಟೋಣ ಅಂತ ಒಂದು ತುಂಡು ತಂದು, ಕೊಯ್ದು, ಬಿಳಿ ಹಾಲು ಸುರಿಯುತ್ತಿದ್ದರೂ ಒರೆಸಿ ಒರೆಸಿ ಕೆಂಪು ತಲೆ ಕೂರಿಸಿದೆ. ನಾಲ್ಕೇ ದಿನಕ್ಕೆ ತಲೆ ಸುಕ್ಕಾಯಿತು, ವಾರಕ್ಕೆ ಕಪ್ಪಾಯಿತು.

ಬೇಲಿಯ ಹಾಲುಗಳ್ಳಿ ಕ್ಯಾಕ್ಟಸ್ ಅಲ್ಲವೇ ಅಲ್ಲ. ಅದು ಯೂಫೋರ್ಬಿಯಾ, ಹರಳು ಗಿಡದ ಕುಟುಂಬದ್ದು. ಕ್ಯಾಕ್ಟಸ್ ಕುಟುಂಬದ ತವರು ಅಮೆರಿಕ ಖಂಡಗಳು. ಒಣ ನೆಲದಲ್ಲಿ ಬದುಕಿ ಬದುಕಿ ಎರಡೂ ನೋಡುವುದಕ್ಕೆ ಒಂದೇ ಥರ ಆಗಿವೆ ಅಷ್ಟೇ, ರಕ್ತಸಂಬಂಧ ಇಲ್ಲ. ಮಾವಿಗೆ ಬೇವು ಕಟ್ಟಿದರೆ ಹಿಡಿಯುತ್ತದೆಯೇ? ಇದೂ ಹಾಗೆಯೇ. ಹಾಲು ಬಂದರೆ ಕಳ್ಳಿ, ಬರದಿದ್ದರೆ ಕ್ಯಾಕ್ಟಸ್ ಅಂತ ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ, ಮ್ಯಾಮಿಲೇರಿಯಾ ಅನ್ನುವ ಕ್ಯಾಕ್ಟಸ್‌ನ ಕೆಲವು ಜಾತಿಗಳಲ್ಲಿ ಕೊಯ್ದರೆ ಹಾಲು ಬರುತ್ತದೆ. ಮುಳ್ಳು ಹುಟ್ಟುವ ಜಾಗ ನೋಡಿ. ಕ್ಯಾಕ್ಟಸ್‌ನಲ್ಲಿ ಹತ್ತಿಯ ಚುಕ್ಕೆಯ ಹಾಗೆ ಒಂದು ಸಣ್ಣ ದಿಂಬು ಇರುತ್ತದೆ, ಮುಳ್ಳು, ಮರಿ, ಹೂ ಸಾಮಾನ್ಯವಾಗಿ ಅಲ್ಲಿಂದಲೇ ಏಳುತ್ತವೆ. ನಾನು ಅದನ್ನು ಮುಳ್ಳುಕಣ್ಣು ಅನ್ನುತ್ತೇನೆ. ಹಾಲುಗಳ್ಳಿಯಲ್ಲಿ ಆ ದಿಂಬು ಇರುವುದಿಲ್ಲ. ಇನ್ನೊಂದು ಮಾತು, ಕಳ್ಳಿ ಹಾಲು ಕಣ್ಣಿಗೆ ಸಿಡಿದರೆ ತುಂಬಾ ಅಪಾಯ. ಸಿಡಿದರೆ ತಕ್ಷಣ ಜಾಸ್ತಿ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಮನೆಮದ್ದು ಮಾಡುತ್ತಾ ಕೂರಬೇಡಿ.

ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್. ಅದಕ್ಕೆ ಕಟ್ಟಬಹುದು, ಹಿಡಿಯುತ್ತದೆ. ಆದರೆ ಅದರ ಮುಳ್ಳುಕಣ್ಣಿನಲ್ಲಿ ಕೂದಲಿನಂಥ ಸಣ್ಣ ಮುಳ್ಳುಗಳಿರುತ್ತವೆ, ಬೆರಳಿಗೆ ಹೊಕ್ಕರೆ ಎರಡು ದಿನ ಕಿರಿಕಿರಿ. ಬಯಲಿನಿಂದ ತರುವುದಾದರೆ ಎಲೆಯ ಮೇಲೆ ಬಿಳಿ ಹತ್ತಿಯಂಥದ್ದು ಅಂಟಿದೆಯಾ ನೋಡಿಕೊಳ್ಳಿ. ಅದನ್ನು ಒತ್ತಿದರೆ ಕೆಂಪು ಬಣ್ಣ ಬಂದರೆ ಅದು ಕೊಚಿನಿಯಲ್ ಹುಳ. ಈ ಹುಳದ ಒಂದು ಜಾತಿಯನ್ನು 1926ರಲ್ಲಿ, ದಕ್ಷಿಣ ಭಾರತದ ಬಯಲುಗಳನ್ನೆಲ್ಲ ಆವರಿಸಿಕೊಂಡಿದ್ದ ಪಾಪಾಸುಕಳ್ಳಿಯನ್ನು ಅಡಗಿಸುವುದಕ್ಕೇ ಶ್ರೀಲಂಕಾದಿಂದ ತರಿಸಿದ್ದು. ಕೆಲಸವನ್ನೇನೋ ಚೆನ್ನಾಗಿ ಮಾಡಿತು, ಆದರೆ ಮನೆಗೆ ತಂದುಕೊಂಡರೆ ಕುಂಡದಲ್ಲಿರುವ ಪಾಪಾಸುಕಳ್ಳಿಗೂ ಕಷ್ಟ.

ಹೊಸಬರಿಗೆ ನಾನು ಹೇಳುವುದು ಡ್ರ್ಯಾಗನ್ ಫ್ರೂಟ್ ಬಳ್ಳಿಯನ್ನೇ. ಈಗ ನಮ್ಮ ಕಡೆ ಇದನ್ನು ತೋಟದಲ್ಲೇ ಬೆಳೆಯುತ್ತಾರೆ. ಹಣ್ಣಿನ ಕಾಲ ಮುಗಿದ ಮೇಲೆ ಸವರಿದ ಬಳ್ಳಿ ರಾಶಿ ಬಿದ್ದಿರುತ್ತದೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ನನಗೆ ಹಿರಿಯೂರು ಹತ್ತಿರದ ನಮ್ಮ ಮಾವನ ತೋಟದಿಂದ ಬಂತು. ನಾನು ಬಲಿತ, ದಪ್ಪನೆಯ, ಅಂಚು ಕಂದು ಬಣ್ಣಕ್ಕೆ ತಿರುಗಿದ ಬಳ್ಳಿ ಆರಿಸುತ್ತಿದ್ದೆ. ಮಾವ ಮಾವಿನ ಕಸಿ ಕಟ್ಟಿ ಕೈ ಪಳಗಿದವರು, ನೋಡಿ ತಡೆದರು. "ಅದು ಬೇಡ ಕಣಪ್ಪ, ಒಳಗೆ ಕಟ್ಟಿಗೆ ಆಗೈತೆ. ಉಗುರು ಇಳಿಯೋ ಅಂಥದ್ದು ನೋಡ್ಕ" ಅಂದರು. ಆ ಉಗುರಿನ ಪರೀಕ್ಷೆಯನ್ನೇ ಈಗಲೂ ಮಾಡುತ್ತೇನೆ. ತುದಿಯ ಎಳೆ ಚಿಗುರೂ ಬೇಡ, ಒಳಗೆ ಕಟ್ಟಿಗೆಯಾದ ಕೆಳಭಾಗವೂ ಬೇಡ, ಹಸಿರಾಗಿ ಗಟ್ಟಿಯಾಗಿ ಉಗುರು ಒತ್ತಿದರೆ ರಸ ಬರುವ ನಡುವಿನ ತುಂಡು ಬೇಕು.

ಆ ಬಳ್ಳಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ನೆರಳಲ್ಲಿ ಒಂದು ವಾರ ಒಣಗಿಸಿ, ಆಮೇಲೆ ನೆಡಿ. ತುಂಡಿನ ಮೇಲ್ತುದಿ, ಕೆಳತುದಿ ಅದಲು ಬದಲು ಆಗದಂತೆ ಕತ್ತರಿಸುವಾಗಲೇ ಗುರುತು ಮಾಡಿಕೊಳ್ಳಿ. ಮಣ್ಣಿಗೆ ನಾನು ಹಾಕುವುದು ಎರಡು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ. ಬೇರು ಬಿಡುವುದಕ್ಕೆ ಮೂರು ನಾಲ್ಕು ವಾರ. ಆದರೆ ಬೇರು ಬಿಟ್ಟ ತಕ್ಷಣ ಕೊಯ್ಯಬೇಡಿ. ಒಂದು ಚಿಗುರು ಎದ್ದು, ಗಿಡ ಮೈತುಂಬಿಕೊಳ್ಳುವವರೆಗೆ, ಅಂದರೆ ಎರಡು ಮೂರು ತಿಂಗಳು ಕಾಯಿರಿ. ಹಸಿದ ಬುಡದಲ್ಲಿ ರಸ ಇರುವುದಿಲ್ಲ, ರಸ ಇಲ್ಲದಿದ್ದರೆ ಕಸಿ ಹಿಡಿಯುವುದಿಲ್ಲ.

ತಲೆಗೆ ಮೊದಲು ಅಗ್ಗದ ಗಿಡ ತಗೊಳ್ಳಿ. ಶೇಂಗಾ ಕ್ಯಾಕ್ಟಸ್ ಅಂತ ಸಿಗುತ್ತದೆ, ಚಳ್ಳಕೆರೆ ಕಡೆಯವರಿಗೆ ಹೆಸರು ಕೇಳಿದರೇ ಆಕಾರ ಗೊತ್ತಾಗುತ್ತದೆ. ಅದರ ಮರಿಗಳು ಮುಟ್ಟಿದರೆ ಕಳಚಿಕೊಳ್ಳುತ್ತವೆ, ಒಂದು ಹೋದರೆ ಇನ್ನೊಂದು ಇರುತ್ತದೆ. ಸಾಮಾನ್ಯ ಹಸಿರು ಜಿಮ್ನೋಕ್ಯಾಲಿಸಿಯಂ ಮರಿಯೂ ಒಳ್ಳೆಯದು.

ಯಾವಾಗ ಕಟ್ಟಬೇಕು

ನಮ್ಮ ಹವಾಮಾನಕ್ಕೆ ಶಿವರಾತ್ರಿಯಿಂದ ಯುಗಾದಿ ಕಳೆದು ಒಂದೆರಡು ವಾರದವರೆಗೆ ಅತ್ಯುತ್ತಮ. ಚಳಿ ಹೋಗಿರುತ್ತದೆ, ಗಿಡ ಬೆಳೆಯುವ ಹುರುಪಿನಲ್ಲಿರುತ್ತದೆ, ಗಾಳಿಯಲ್ಲಿ ತೇವ ಕಡಿಮೆ. ಏಪ್ರಿಲ್ ಕೊನೆ, ಮೇ ತಿಂಗಳು ಬಿಸಿಲು ತೀರಾ ಜಾಸ್ತಿ. ಜೂನ್ ಬಂದ ಮೇಲೆ ಮೋಡ, ತೇವ, ಆಷಾಢದ ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಆ ಗಾಳಿಗೆ ತಾರಸಿ ಮೇಲಿನ ಸಣ್ಣ ಕುಂಡ ಉರುಳುವುದು ಕಷ್ಟವೇನಲ್ಲ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಒಳ್ಳೆ ಮಳೆ ಬರುತ್ತದೆ, ಆಗಲೂ ಬೇಡ. ಕೊಳೆಯುತ್ತಿರುವ ಗಿಡ ಉಳಿಸಬೇಕು ಅಂದರೆ ಮಾತ್ರ ಕಾಲ ನೋಡಬೇಡಿ, ಆವತ್ತೇ ಮಾಡಿ.

ಕಟ್ಟುವ ಕ್ರಮ

ಕಟ್ಟುವ ಎರಡು ದಿನ ಮೊದಲು ಬುಡದ ಗಿಡಕ್ಕೆ ಚೆನ್ನಾಗಿ ನೀರು ಕೊಡಿ. ಕಟ್ಟುವ ದಿನ ಗಿಡದ ಮೈ ಒಣಗಿರಬೇಕು. ಬೆಳಿಗ್ಗೆ ಹತ್ತರೊಳಗೆ, ಗಾಳಿ ಜೋರಿಲ್ಲದ ಜಾಗದಲ್ಲಿ ಕೂತುಕೊಳ್ಳಿ. ಎಲ್ಲ ಸಾಮಾನು ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ರಬ್ಬರ್ ಬ್ಯಾಂಡನ್ನು ಮೊದಲೇ ಕುಂಡಕ್ಕೆ ಹಾಕಿ ಅಳತೆ ಸರಿಯಿದೆಯಾ ನೋಡಿ. ಕೊಯ್ದ ಮೇಲೆ ಬ್ಯಾಂಡ್ ಹುಡುಕುತ್ತಾ ಕೂತರೆ ಮುಖ ಒಣಗುತ್ತದೆ.

ಬ್ಲೇಡ್ ಹೊಸದಿರಲಿ. ಕಾಗದ ಕತ್ತರಿಸುವ ಕಟರ್‌ನ ಬ್ಲೇಡ್ ಸಾಕು. ಸಣ್ಣ ತಲೆಗೆ ಗಡ್ಡ ಕೆರೆಯುವ ಬ್ಲೇಡ್ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ಎಣ್ಣೆ ಸವರಿರುತ್ತಾರೆ, ಮೊದಲು ಒರೆಸಿ. ಅಡಿಗೆಮನೆಯ ಚಾಕು ಬೇಡವೇ ಬೇಡ, ಅದು ಕೊಯ್ಯುವುದಕ್ಕಿಂತ ಜಜ್ಜುವುದೇ ಜಾಸ್ತಿ. ಮೆಡಿಕಲ್ ಅಂಗಡಿಯ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಬ್ಲೇಡ್ ಒರೆಸಿ, ಆರಲು ಬಿಡಿ. ಪ್ರತಿ ಕೊಯ್ತದ ಮೊದಲೂ ಒರೆಸಬೇಕು.

ಬುಡವನ್ನು ಮಣ್ಣಿನಿಂದ ಎಂಟು ಹತ್ತು ಸೆಂಟಿಮೀಟರ್ ಎತ್ತರಕ್ಕೆ ಅಡ್ಡಲಾಗಿ ಕೊಯ್ಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ, ಒಂದೇ ಎಳೆತಕ್ಕೆ ಬರಬೇಕು. ಮುಖ ಮಟ್ಟಸವಾಗಿ, ನುಣುಪಾಗಿ ಇರಬೇಕು. ಏರುಪೇರು ಅನಿಸಿದರೆ ಇನ್ನೊಂದು ತೆಳ್ಳನೆ ಬಿಲ್ಲೆ ತೆಗೆಯಿರಿ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ಕೊಯ್ದ ಮುಖದ ಸುತ್ತ ಅಂಚನ್ನು ಓರೆಯಾಗಿ ಸವರಬೇಕು, ಪೆನ್ಸಿಲ್ ಚೂಪು ಮಾಡುವಾಗ ಹೆರೆಯುವ ಹಾಗೆ. ಡ್ರ್ಯಾಗನ್ ಫ್ರೂಟ್ ಬಳ್ಳಿಗೆ ಮೂರು ಏಣು ಇರುತ್ತದಲ್ವಾ, ಆ ಮೂರನ್ನೂ ಹೊರಮುಖವಾಗಿ ಇಳಿಸಿ. ಯಾಕೆ ಅಂದರೆ ಕೊಯ್ದ ಮೇಲೆ ಒಳಗಿನ ತಿರುಳು ಒಣಗುತ್ತಾ ಕುಗ್ಗುತ್ತದೆ, ಹೊರಗಿನ ಸಿಪ್ಪೆ ಕುಗ್ಗುವುದಿಲ್ಲ. ಮಟ್ಟಸವಾಗಿದ್ದ ಮುಖ ಎರಡೇ ದಿನದಲ್ಲಿ ತಟ್ಟೆಯ ಹಾಗೆ ಗುಳಿ ಬೀಳುತ್ತದೆ. ನಿಂತ ಅಂಚು ತಲೆಯನ್ನು ಮೇಲಕ್ಕೆ ಎತ್ತುತ್ತದೆ, ನಡುವೆ ಗಾಳಿ ಸೇರುತ್ತದೆ, ಅಲ್ಲಿಗೆ ಕಸಿ ಮುಗಿಯಿತು.

ಸವರಿದ ಮೇಲೆ ಬುಡದ ಮುಖದಿಂದ ಕಾಗದದಷ್ಟು ತೆಳ್ಳನೆಯ ಒಂದು ಬಿಲ್ಲೆ ಕೊಯ್ದು, ಅದನ್ನು ಅಲ್ಲೇ ಮುಚ್ಚಳದ ಹಾಗೆ ಬಿಟ್ಟಿರಿ. ತಲೆ ಸಿದ್ಧವಾಗುವವರೆಗೆ ಒಣಗದ ಹಾಗೆ ಅದು ಕಾಯುತ್ತದೆ. ತಲೆಯನ್ನೂ ಹಾಗೆಯೇ ಒಂದೇ ಎಳೆತಕ್ಕೆ ಕೊಯ್ದು, ಅಂಚು ಸ್ವಲ್ಪ ಸವರಿ.

ಈಗ ಎರಡೂ ಮುಖವನ್ನು ಗಮನವಿಟ್ಟು ನೋಡಿ. ನಡುವೆ ಒಂದು ಉಂಗುರ ಕಾಣುತ್ತದೆ, ಸುತ್ತಲಿನ ತಿರುಳಿಗಿಂತ ಸ್ವಲ್ಪ ಬೇರೆ ಬಣ್ಣ. ನೀರು, ಊಟ ಓಡಾಡುವ ನಾಳಗಳು ಇರುವುದು ಆ ಉಂಗುರದಲ್ಲಿ. ತಿರುಳಿಗೆ ತಿರುಳು ಅಂಟಿಕೊಂಡರೆ ಸಾಲದು, ಬುಡದ ಉಂಗುರ ತಲೆಯ ಉಂಗುರಕ್ಕೆ ಎಲ್ಲಾದರೂ ತಾಗಲೇಬೇಕು. ಎರಡೂ ಒಂದೇ ಅಳತೆಯದಾದರೆ ನೇರ ಮೇಲೆ ಕೂರಿಸಿದರಾಯಿತು. ಡ್ರ್ಯಾಗನ್ ಫ್ರೂಟ್ ಬಳ್ಳಿಯ ಉಂಗುರ ಸಣ್ಣದು, ದಪ್ಪ ತಲೆಯದು ದೊಡ್ಡದಿರಬಹುದು. ಆಗ ನಡುವಿಗೆ ನಡು ಸರಿಯಾಗಿ ಕೂರಿಸಿದರೆ ದೊಡ್ಡ ಬಳೆಯೊಳಗೆ ಮಗುವಿನ ಬಳೆ ಇಟ್ಟ ಹಾಗೆ, ಒಂದಕ್ಕೊಂದು ಮುಟ್ಟುವುದೇ ಇಲ್ಲ. ಅಂಥ ಕಡೆ ತಲೆಯನ್ನು ಬೇಕೆಂದೇ ಒಂದು ಪಕ್ಕಕ್ಕೆ ಸರಿಸಿ ಕೂರಿಸಿ, ಬಳೆಗಳು ಎರಡು ಕಡೆ ಒಂದನ್ನೊಂದು ದಾಟಿದರೆ ಸಾಕು. ನೋಡುವುದಕ್ಕೆ ಸೊಟ್ಟ ಕಾಣುತ್ತದೆ, ಕಾಣಲಿ. ಬೆಳೆದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಮುಚ್ಚಳದ ಬಿಲ್ಲೆ ತೆಗೆದು ಎಸೆದು, ತಲೆ ಇಟ್ಟು, ಮೆಲ್ಲಗೆ ಒತ್ತುತ್ತಾ ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ. ನಡುವಿನ ಗಾಳಿ, ಜಾಸ್ತಿ ರಸ ಹೊರಗೆ ಬರಬೇಕು. ತಲೆಯ ನೆತ್ತಿಯ ಮೇಲೆ ಹತ್ತಿಯ ಸಣ್ಣ ಉಂಡೆ ಇಟ್ಟು, ಅದರ ಮೇಲಿಂದ ಕುಂಡದ ತಳಕ್ಕೆ ಒಂದು ರಬ್ಬರ್ ಬ್ಯಾಂಡ್, ಅದಕ್ಕೆ ಅಡ್ಡಲಾಗಿ ಇನ್ನೊಂದು. ಕುಂಡ ದೊಡ್ಡದಾದರೆ ಹಳೇ ಸೈಕಲ್ ಟ್ಯೂಬನ್ನು ಪಟ್ಟಿ ಸೀಳಿ ಕಟ್ಟಿ, ರಬ್ಬರ್ ಬ್ಯಾಂಡಿಗಿಂತ ಅದೇ ನಂಬಿಕಸ್ಥ. ಎಷ್ಟು ಬಿಗಿ? ಬೆರಳಲ್ಲಿ ತಲೆಯನ್ನು ಮೆಲ್ಲಗೆ ತಳ್ಳಿದರೆ ಜರುಗಬಾರದು, ಆದರೆ ಬ್ಯಾಂಡ್ ತಲೆಯ ಮೈಗೆ ಹೂತುಕೊಳ್ಳಬಾರದು. ಎರಡು ಬ್ಯಾಂಡಿನ ಎಳೆತ ಎಲ್ಲ ಕಡೆ ಸಮ ಇರಬೇಕು, ಒಂದೇ ಕಡೆ ಜಾಸ್ತಿ ಆದರೆ ರಾತ್ರಿ ಕಳೆಯುವುದರೊಳಗೆ ತಲೆ ಜಾರಿರುತ್ತದೆ.

ಕುಂಡವನ್ನು ಗಾಳಿಯಾಡುವ ನೆರಳಿಗೆ ಇಡಿ. ನಾನು ಮೆಟ್ಟಿಲ ಕೆಳಗೆ ಇಡುತ್ತೇನೆ. ಹತ್ತು ದಿನ ನೀರಿನ ಹನಿಯೂ ಆ ಸಂದಿಗೆ ತಾಗಬಾರದು. ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ, ಒಳಗೆ ಬೆವರಿ ಕೊಳೆಯುತ್ತದೆ. ಮಣ್ಣು ತೀರಾ ಒಣಗಿದರೆ ವಾರದ ಮೇಲೆ ಅಂಚಿನಿಂದ ಸ್ವಲ್ಪ ನೀರು ಕೊಡಬಹುದು. ಎಂಟರಿಂದ ಹತ್ತು ದಿನಕ್ಕೆ ಬ್ಯಾಂಡ್ ತೆಗೆಯಿರಿ. ತೆಗೆಯುವಾಗ ಎರಡು ಕಡೆಯಿಂದಲೂ ಸಮವಾಗಿ ಸಡಿಲಿಸಿ, ಒಂದು ಕಡೆಯಿಂದ ಪಟ್ ಅಂತ ಬಿಟ್ಟರೆ ಹಿಡಿದಿದ್ದ ತಲೆಯೂ ಹಾರಿಹೋಗುತ್ತದೆ. ಆಮೇಲೂ ಎರಡು ವಾರ ನೆರಳಲ್ಲೇ ಇಟ್ಟು, ಬೆಳಗಿನ ಎಳೆಬಿಸಿಲಿಗೆ ನಿಧಾನವಾಗಿ ಒಗ್ಗಿಸಿ.

ಅಂದಹಾಗೆ, ಒಳ್ಳೆಯ ತಲೆಗೆ ಕೈ ಹಾಕುವ ಮೊದಲು ಒಂದು ಅಭ್ಯಾಸ ಮಾಡಿ. ಒಂದು ಬುಡವನ್ನು ಕೊಯ್ದು, ಕೊಯ್ದ ತುಂಡನ್ನೇ ವಾಪಸ್ ಅದರ ಮೇಲೆ ಕೂರಿಸಿ ಕಟ್ಟಿ. ಉಂಗುರ ತಾನಾಗಿಯೇ ಸರಿ ಹೊಂದುತ್ತದೆ, ಜಾತಿ ಒಂದೇ. ಅದು ಹಿಡಿದರೆ ನಿಮ್ಮ ಬ್ಲೇಡು, ಕೈ, ಕಟ್ಟು, ಜಾಗ ಎಲ್ಲ ಸರಿಯಿದೆ ಅಂತ ಅರ್ಥ. ಅದೂ ಬಿದ್ದರೆ ತಪ್ಪು ತಲೆಯದಲ್ಲ.

ಬಿದ್ದದ್ದನ್ನು ಹೇಗೆ ನೋಡುವುದು

ನನ್ನ ಎರಡನೆಯ ಕಸಿ ಡ್ರ್ಯಾಗನ್ ಫ್ರೂಟ್ ಬುಡದ ಮೇಲೆಯೇ, ಮೇ ತಿಂಗಳಲ್ಲಿ. ಕ್ಯಾಕ್ಟಸ್ ಅಂದರೆ ಬಿಸಿಲಿನ ಗಿಡ ಅಂತ ಕಟ್ಟಿದ ಕೂಡಲೇ ತಾರಸಿಯ ಬಿಸಿಲಿಗೆ ಇಟ್ಟೆ. ಮೂರನೇ ದಿನ ರಬ್ಬರ್ ಬ್ಯಾಂಡ್ ಕಾದು ಬಿರಿದು ತುಂಡಾಗಿತ್ತು, ತಲೆ ಬೇಯಿಸಿದ ಆಲೂಗಡ್ಡೆಯ ಹಾಗೆ ಮೆತ್ತಗೆ, ಬಣ್ಣ ಪಾರದರ್ಶಕ. ಕೆಳಗಿಂದ ನೀರು ಇನ್ನೂ ಬರುತ್ತಿಲ್ಲದ ತಲೆಗೆ ಬಿಸಿಲು ತಡೆಯುವ ಶಕ್ತಿ ಇರುವುದಿಲ್ಲ. ಹೀಗೆ ಕಂಡರೆ ಅದು ಬಿಸಿಲಿನ ಪೆಟ್ಟು, ಕೊಯ್ತದ ತಪ್ಪಲ್ಲ.

ಮೂರನೆಯದು, ನಾನು ಮೊದಲ ಸಲ ಕೊಯ್ದು ನೋಡಿದ್ದು. ಹತ್ತು ದಿನಕ್ಕೆ ಬ್ಯಾಂಡ್ ತೆಗೆದಾಗ ತಲೆ ಹಾಗೇ ಕೈಗೆ ಬಂತು. ಬುಡದ ಮುಖ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು, ಸುತ್ತ ಸಿಪ್ಪೆಯ ಅಂಚು ಗೋಡೆಯ ಹಾಗೆ ನಿಂತಿತ್ತು. ತಲೆಯ ತಳದಲ್ಲಿ ಆ ಅಂಚಿನ ಗುರುತು ಗೆರೆ ಎಳೆದ ಹಾಗೆ ಮೂಡಿತ್ತು. ಅಂದರೆ ಹತ್ತು ದಿನವೂ ತಲೆ ಆ ಅಂಚಿನ ಮೇಲೆ ಕೂತಿತ್ತು, ತಿರುಳಿಗೆ ಮುಟ್ಟಿಯೇ ಇರಲಿಲ್ಲ! ಅಂಚು ಸವರುವ ಬಗ್ಗೆ ಮೇಲೆ ಅಷ್ಟು ಒತ್ತಿ ಬರೆದದ್ದು ಇದೇ ಕಾರಣಕ್ಕೆ. ಅಂಚು ಸವರಿಯೂ ಗುಳಿ ಜಾಸ್ತಿ ಬಿದ್ದಿದ್ದರೆ ಬುಡಕ್ಕೆ ಮೊದಲು ನೀರು ಸಾಲದೆ ಹೋಗಿತ್ತು ಅಂತ ತಿಳಿಯಿರಿ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಎಲ್ಲ ಸರಿ ಮಾಡಿದ್ದೆ. ಕೊಯ್ತ ನುಣುಪು, ಅಂಚು ಓರೆ, ಕಟ್ಟು ಬಿಗಿ, ಜಾಗ ನೆರಳು. ಬ್ಯಾಂಡ್ ತೆಗೆದಾಗ ತಲೆ ಗಟ್ಟಿಯಾಗಿಯೇ ಕೂತಿತ್ತು, ಮನೆಯವರಿಗೆಲ್ಲ ಕರೆದು ತೋರಿಸಿದೆ. ಆದರೆ ತಲೆ ಬೆಳೆಯಲಿಲ್ಲ. ದಿನ ದಿನಕ್ಕೂ ಸುಕ್ಕು ಜಾಸ್ತಿಯಾಯಿತು. ಆರನೇ ವಾರದಲ್ಲಿ ಬೆರಳು ತಾಗಿದ್ದಕ್ಕೇ ಕಳಚಿ ಬಿತ್ತು. ಎರಡೂ ಮುಖ ಮಟ್ಟಸ, ಒಣಗಿ ಕಾಗದದಂತೆ ಹೊಳೆಯುತ್ತಿದ್ದವು, ಕೊಳೆತ ಇಲ್ಲ, ಗುಳಿ ಇಲ್ಲ. ತಲೆಯ ತಳದ ಉಂಗುರಕ್ಕೆ ಪೆನ್ನಿನಿಂದ ಸುತ್ತು ಹಾಕಿದೆ, ಬುಡದ ಉಂಗುರಕ್ಕೂ ಹಾಕಿದೆ, ವಾಪಸ್ ಮೊದಲಿನ ಜಾಗಕ್ಕೇ ಹೊಂದಿಸಿ ನೋಡಿದರೆ ಸಣ್ಣದು ದೊಡ್ಡದರ ಒಳಗೆ ಪೂರ್ತಿ ಕೂತುಬಿಟ್ಟಿತ್ತು. ಬಳೆಯ ಮಾತು ನನಗೆ ಹೊಳೆದದ್ದು ಅವತ್ತೇ. ತಿರುಳಿಗೆ ತಿರುಳು ಅಂಟಿ ಗಟ್ಟಿಯಾಗಿ ಕಂಡಿತ್ತು, ಆದರೆ ನಾಳಕ್ಕೆ ನಾಳ ಸಿಕ್ಕಿರಲಿಲ್ಲ. ಅಂಟಿಕೊಂಡಿದೆ ಆದರೆ ಬೆಳೆಯುತ್ತಿಲ್ಲ ಅನ್ನುವ ಕಸಿ ನಿಮ್ಮಲ್ಲಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ತಿಂಗಳುಗಟ್ಟಲೆ ಕಾಯದೆ ತೆಗೆದು ಹೊಸದಾಗಿ ಕಟ್ಟಿ, ತಲೆ ಇನ್ನೂ ಜೀವ ಹಿಡಿದಿರುವಾಗಲೇ.

ಐದನೆಯದು ಜುಲೈನಲ್ಲಿ ಕಟ್ಟಿದ್ದು. ಸಂದಿಯಲ್ಲಿ ಮೊದಲು ಕಿತ್ತಳೆ ಬಣ್ಣದ ಗೆರೆ, ಆಮೇಲೆ ಕಪ್ಪು, ಮುಟ್ಟಿದರೆ ಜಿಗುಟು, ಹುಳಿ ವಾಸನೆ. ಇದು ಕೊಳೆ ರೋಗ. ಇದಕ್ಕೆ ಮುಖ್ಯವಾಗಿ ಮೂರು ಕಡೆಯಿಂದ ದಾರಿ: ಕೊಳಕು ಬ್ಲೇಡು, ಸಂದಿಗೆ ಬಿದ್ದ ನೀರು, ತೇವದ ಗಾಳಿ. ನನ್ನದು ಕೊನೆಯದು. ಕೊಳೆತದ್ದನ್ನು ಮಾತ್ರ ಬೇರೆ ಕುಂಡಗಳ ಹತ್ತಿರ ಇಟ್ಟುಕೊಂಡು ಕೊಯ್ಯಬೇಡಿ, ದೂರ ಕೂತು ನೋಡಿ, ಆಮೇಲೆ ಕೈ, ಬ್ಲೇಡು ಎರಡನ್ನೂ ತೊಳೆಯಿರಿ.

ಬುಡ ಕೊಯ್ದಾಗ ನಡುವೆ ಬಿರುಸಾದ ಕಡ್ಡಿ ಬ್ಲೇಡಿಗೆ ತಡೆದರೆ, ಅದು ಮಾವ ಹೇಳಿದ ಕಟ್ಟಿಗೆ. ಅಷ್ಟು ಬಲಿತ ಉಂಗುರ ಹೊಸದಾಗಿ ಬೆಳೆದು ತಲೆಗೆ ಕೂಡಿಕೊಳ್ಳುವುದು ಕಷ್ಟ. ಇನ್ನೂ ಮೇಲೆ, ಎಳೆಯ ಭಾಗದಲ್ಲಿ ಕೊಯ್ಯಿರಿ.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಕು, ಬುಡ ಯಾವುದು, ತಲೆ ಯಾವುದು, ಮೋಡವೋ ಬಿಸಿಲೋ, ಎಷ್ಟನೇ ದಿನ ಬಿತ್ತು, ಮುಖ ಹೇಗಿತ್ತು. ಮೊಬೈಲಿನಲ್ಲಿ ಎರಡೂ ಮುಖದ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ನನ್ನ ಪುಸ್ತಕದಲ್ಲಿ ಫೆಬ್ರವರಿ, ಮಾರ್ಚ್ ಸಾಲುಗಳ ಎದುರು ಹಿಡಿಯಿತು ಅನ್ನುವ ಮಾತೇ ಜಾಸ್ತಿ. ಜುಲೈ ಸಾಲುಗಳನ್ನು ಓದಿದರೆ ಈಗಲೂ ಬೇಜಾರಾಗುತ್ತದೆ.

ಬಿದ್ದ ತಲೆಯನ್ನು ಉಳಿಸಬಹುದಾ

ಬಹಳ ಸಲ ಉಳಿಸಬಹುದು. ಕಟ್ಟಿದ ಒಂದೆರಡು ದಿನದಲ್ಲೇ ಜಾರಿದ್ದರೆ ಎರಡೂ ಮುಖದಿಂದ ತೆಳ್ಳನೆ ಬಿಲ್ಲೆ ತೆಗೆದು, ಅಂಚು ಸವರಿ, ಅಲ್ಲೇ ಮತ್ತೆ ಕಟ್ಟಿ. ಬೇರೆ ಬುಡ ಬೇಕಾಗಿಲ್ಲ. ತಡವಾಗಿ ಬಿದ್ದಿದ್ದರೆ ಒಣಗಿದ ಪದರ ಪೂರ್ತಿ ಹೋಗುವವರೆಗೆ ಕೊಯ್ಯಬೇಕು, ಹಸಿ ರಸದ ತಿರುಳು ಸಿಗಬೇಕು.

ಕೊಳೆತಿದ್ದರೆ ಒಂದೊಂದೇ ಬಿಲ್ಲೆ ತೆಗೆಯುತ್ತಾ ಹೋಗಿ, ಪ್ರತಿ ಬಿಲ್ಲೆಗೂ ಬ್ಲೇಡ್ ಒರೆಸಿ. ತಿರುಳು ಸ್ವಚ್ಛ ಕಂಡರೂ ನಿಲ್ಲಿಸಬೇಡಿ, ಉಂಗುರದಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಇದ್ದರೂ ರೋಗ ಇನ್ನೂ ಮೇಲಕ್ಕೆ ಏರಿದೆ ಅಂತ ಅರ್ಥ. ಚುಕ್ಕೆ ಒಂದೂ ಕಾಣದ ಕಡೆ ನಿಲ್ಲಿಸಿ ಹೊಸ ಬುಡಕ್ಕೆ ಕಟ್ಟಿ. ತಲೆ ಅರ್ಧ ಆದರೂ ಪರವಾಗಿಲ್ಲ. ನನ್ನ ಆರನೆಯ ಕಸಿಯ ತಲೆ ನೆಲ್ಲಿಕಾಯಿಯಷ್ಟೇ ಉಳಿದಿತ್ತು, ಈಗ ಮೋಸಂಬಿಯಷ್ಟಿದೆ.

ಹಿಡಿದ ಮೇಲೆ

ಹಿಡಿದ ತಲೆ ಎರಡು ಮೂರು ವಾರದಲ್ಲಿ ಮೈ ತುಂಬಿಕೊಂಡು ಹೊಳೆಯುತ್ತದೆ, ನೆತ್ತಿಯ ನಡುವೆ ಎಳೆ ಮುಳ್ಳು ಕಾಣುತ್ತದೆ. ಆ ಎಳೆ ಮುಳ್ಳು ಕಂಡ ದಿನದ ಖುಷಿಯನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಅಲ್ಲಿಂದ ಮುಂದೆ ಮಾಮೂಲಿ ಕ್ಯಾಕ್ಟಸ್‌ನ ಹಾಗೇ ನೋಡಿಕೊಳ್ಳಿ, ನೀರು ಮಾತ್ರ ಬುಡಕ್ಕೆ ಬೇಕಾದ ಹಾಗೆ ಕೊಡಿ. ಡ್ರ್ಯಾಗನ್ ಫ್ರೂಟ್ ಬುಡ ಒಣ ಕ್ಯಾಕ್ಟಸ್‌ಗಿಂತ ಜಾಸ್ತಿ ಕೇಳುತ್ತದೆ, ಬೇಸಿಗೆಯಲ್ಲಿ ಮಣ್ಣು ಒಣಗಿದ ಕೂಡಲೇ ಕೊಡುತ್ತೇನೆ. ಕೆಂಪು, ಹಳದಿ ತಲೆಗಳಿಗೆ ಮಧ್ಯಾಹ್ನದ ಬಿಸಿಲು ಬೇಡ, ಸುಟ್ಟ ಕಲೆ ಬೀಳುತ್ತದೆ. ತಲೆ ಬುಡ ಸೇರುವ ಸಂದಿಯಲ್ಲಿ ಹಿಟ್ಟು ತಿಗಣೆ ಅಡಗಿಕೊಳ್ಳುವುದು ಸಾಮಾನ್ಯ. ಬಿಳಿ ಪುಡಿ ಕಂಡರೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ.

ಬುಡದ ಮುಳ್ಳುಕಣ್ಣುಗಳಿಂದ ಹಸಿರು ಚಿಗುರು ಏಳುತ್ತಲೇ ಇರುತ್ತದೆ. ತಲೆ ಚೆನ್ನಾಗಿ ನಿಂತ ಮೇಲೆ ಅವನ್ನು ಸಣ್ಣದಿರುವಾಗಲೇ ಚಿವುಟಿ, ಇಲ್ಲದಿದ್ದರೆ ಊಟವೆಲ್ಲ ಅದಕ್ಕೇ ಹೋಗುತ್ತದೆ. ಒಂದೆರಡನ್ನು ಮಾತ್ರ ನಾನು ಬೇಕೆಂದೇ ಬಿಡುತ್ತೇನೆ. ಡ್ರ್ಯಾಗನ್ ಫ್ರೂಟ್ ಬುಡ ಶಾಶ್ವತ ಅಲ್ಲ, ಕೆಲವು ವರ್ಷಕ್ಕೆ ಮೇಲಿನ ತಲೆ ದೊಡ್ಡದಾಗಿ ಕೆಳಗಿನ ಕಡ್ಡಿ ಸೊರಗಿ ವಾಲುತ್ತದೆ. ಅಷ್ಟರೊಳಗೆ ಆ ಚಿಗುರು ಗೇಣುದ್ದ ಬೆಳೆದಿರುತ್ತದೆ. ಅದನ್ನು ಕತ್ತರಿಸಿ, ವಾರ ನೆರಳಲ್ಲಿ ಒಣಗಿಸಿ, ದೀಪಾವಳಿ ಹೊತ್ತಿಗೆ ಮರಳು ಕುಂಡದಲ್ಲಿ ನೆಟ್ಟರೆ ಶಿವರಾತ್ರಿಗೆ ಹೊಸ ಬುಡ ತಯಾರು.